ಕೆಲಸ ಮುಗಿಯದ ಮನೆಯಲ್ಲಿ ಐದು ತಿಂಗಳು

ಎರಡು ತಿಂಗಳಲ್ಲಿ ಮುಗಿಯುತ್ತದೆಂದು ಆರಂಭಿಸಿದ ಒಳಾಂಗಣ ನವೀಕರಣ ನಮ್ಮ ಮನೆಯಲ್ಲಿ ಐದು ತಿಂಗಳು ನಡೆಯಿತು. ನೆಲದ ಟೈಲ್ಸ್, ಸ್ನಾನದ ಮನೆ, ವೈರಿಂಗ್, ಅಡುಗೆಮನೆಯ ಕಪಾಟು, ಕೊನೆಗೆ ಬಣ್ಣ, ಇಷ್ಟು ಕೆಲಸವಿತ್ತು. ಬೇರೆ ಮನೆ ಹಿಡಿಯುವ ಅನುಕೂಲವಿರಲಿಲ್ಲವಾದ್ದರಿಂದ ನಾನು, ನನ್ನ ಪತ್ನಿ, ಮಗಳು ಮತ್ತು ವಯಸ್ಸಾದ ಅಮ್ಮ ಅಲ್ಲೇ ಉಳಿದೆವು. ಮೊದಲ ಮೂರು ವಾರ ನಾನು ಮಾಡಿದ ತಪ್ಪನ್ನೂ ಅನಂತರ ಅದನ್ನು ತಿದ್ದಿಕೊಂಡ ಬಗೆಯನ್ನೂ ಹೇಳಿದರೆ, ಇದೇ ಸ್ಥಿತಿಯಲ್ಲಿರುವವರಿಗೆ ಉಪಯೋಗವಾದೀತು.

ತಪ್ಪು ಕೆಲಸದ ಕ್ರಮದಲ್ಲಿತ್ತು. ವೈರಿಂಗ್ ಪೈಪುಗಳಿಗಾಗಿ ಗೋಡೆ ಕೊರೆಯುವ ಕೆಲಸವನ್ನು ಎಲ್ಲ ಕೋಣೆಗಳಲ್ಲೂ ಒಟ್ಟಿಗೆ ಮುಗಿಸುವುದು ಕೆಲಸಗಾರರಿಗೆ ಸುಲಭ. ಯಂತ್ರ ಒಮ್ಮೆ ತಂದರೆ ಸಾಕು, ಆಳು ಒಮ್ಮೆ ಬಂದರೆ ಸಾಕು. ನಾನು ಅದಕ್ಕೆ ಒಪ್ಪಿದೆ. ಪರಿಣಾಮವಾಗಿ ಇಡೀ ಮನೆಯಲ್ಲಿ ಬಾಗಿಲು ಮುಚ್ಚಿ ಮಲಗಬಹುದಾದ ಒಂದೇ ಒಂದು ಕೋಣೆಯೂ ಉಳಿಯಲಿಲ್ಲ. ಹಳೆಯ ಬೀರುವಿನ ಬಾಗಿಲು ಸದಾ ಮುಚ್ಚಿಯೇ ಇತ್ತು, ಆದರೂ ಒಳಗೆ ಮಡಿಸಿಟ್ಟ ಸೀರೆಯನ್ನು ಬಿಡಿಸಿದರೆ ಅದರ ಮಡಿಕೆಗಳ ಉದ್ದಕ್ಕೂ ಬಿಳಿಯ ಗೆರೆ ಮೂಡಿತ್ತು. ಅಷ್ಟು ಒಳಗೆ ಹೋದ ಧೂಳು ನಮ್ಮ ಶ್ವಾಸಕೋಶಕ್ಕೆ ಹೋಗದೆ ಇದ್ದೀತೇ ಎಂಬ ಪ್ರಶ್ನೆಗೆ ಆ ವಾರ ಅಮ್ಮನಿಗೆ ಆರಂಭವಾದ ರಾತ್ರಿಯ ಕೆಮ್ಮೇ ಉತ್ತರವಾಗಿತ್ತು.

ಆಗ ಕೆಲಸ ನಿಲ್ಲಿಸಿ ಮೇಸ್ತ್ರಿಯ ಜೊತೆ ಕುಳಿತು ಮಾತನಾಡಿದೆ. ಹಿಂದಿನ ಕೋಣೆಯೊಂದನ್ನು ಪ್ಲಾಸ್ಟರಿಂಗ್, ನೆಲ, ಬಣ್ಣ, ಬಾಗಿಲಿನ ಚಿಲಕದವರೆಗೆ ಪೂರ್ತಿ ಮುಗಿಸಿ ಕೊಟ್ಟ ಮೇಲೆಯೇ ಉಳಿದದ್ದನ್ನು ಮುಟ್ಟಬೇಕೆಂದು ಕೇಳಿದೆ. "ಒಂದು ರೂಮಿಗೋಸ್ಕರ ಎಲ್ಲರೂ ಎರಡೆರಡು ಸಲ ಬರಬೇಕಾಗುತ್ತೆ ಸಾರ್, ಖರ್ಚೂ ಜಾಸ್ತಿ ಆಗುತ್ತೆ" ಎಂದರು. ಅವರ ಮಾತು ನಿಜವೇ ಆಗಿತ್ತು. ಹೆಚ್ಚುವರಿ ಕೂಲಿಗೆ ಒಪ್ಪಿಕೊಂಡೆ. ಇಡೀ ಕೆಲಸದಲ್ಲಿ ನಾನು ಮಾಡಿದ ಅತ್ಯಂತ ಸಾರ್ಥಕವಾದ ಖರ್ಚು ಅದೇ. ಹದಿನೈದು ದಿನಗಳಲ್ಲಿ ಆ ಕೋಣೆ ಸಿದ್ಧವಾಯಿತು, ಅಮ್ಮನಿಗೆ ನೆಮ್ಮದಿಯ ನಿದ್ದೆ ಬಂತು.

ಇನ್ನು ಆ ಕೋಣೆಯನ್ನು ಧೂಳಿನಿಂದ ಕಾಪಾಡುವುದು. ಕಲ್ಲು, ಟೈಲ್ಸ್, ಸಿಮೆಂಟು ಕತ್ತರಿಸುವಾಗ ಏಳುವ ಧೂಳಿನಲ್ಲಿ ಮರಳಿನಲ್ಲಿರುವ ಖನಿಜವಾದ ಸಿಲಿಕಾ ಇರುತ್ತದೆ. ಅದರಲ್ಲಿ ಅಪಾಯಕಾರಿಯಾದ ಕಣಗಳು ಕಣ್ಣಿಗೆ ಕಾಣದಷ್ಟು ಸಣ್ಣವು. ಗಾಳಿಯಲ್ಲಿ ಗಂಟೆಗಟ್ಟಲೆ ತೇಲುತ್ತ ಉಸಿರಿನೊಡನೆ ಶ್ವಾಸಕೋಶದ ಆಳಕ್ಕೆ ಇಳಿಯುತ್ತವೆ. ಪೊರಕೆಯಿಂದ ಗುಡಿಸಿದರೆ ನೆಲಕ್ಕೆ ಕೂತದ್ದೂ ಮತ್ತೆ ಏಳುತ್ತದೆ. ಆದ್ದರಿಂದ ಟೈಲ್ಸ್ ಕತ್ತರಿಸುವ ಕೆಲಸವನ್ನು ಮನೆಯ ಹೊರಗೆ, ನೀರು ಹಾಯಿಸಿಕೊಂಡೇ ಮಾಡಬೇಕೆಂದು ಗೊತ್ತುಮಾಡಿದೆವು. ಒಳಗೆ ಪೊರಕೆ ಬಿಟ್ಟು ಒದ್ದೆ ಬಟ್ಟೆ ಹಿಡಿದೆವು. ಗೋಡೆ ಕೊರೆಯುವವರಿಗೆ ಎನ್95 ಮಾಸ್ಕ್ ತಂದುಕೊಟ್ಟೆ. ದಿನವಿಡೀ ಆ ಧೂಳಿನಲ್ಲೇ ನಿಲ್ಲುವವರು ಅವರು, ನಾವಲ್ಲ.

ಕೆಲಸದ ಜಾಗಕ್ಕೂ ನಮ್ಮ ಕೋಣೆಗೂ ನಡುವಿನ ಪಡಸಾಲೆಯ ಬಾಗಿಲಿಗೆ ದಪ್ಪ ಪ್ಲಾಸ್ಟಿಕ್ ಹಾಳೆಗಳನ್ನು ಎರಡು ಪದರವಾಗಿ ಕಟ್ಟಿದೆವು. ಒಂದರ ಸೀಳು ಎಡಕ್ಕೆ, ಇನ್ನೊಂದರದು ಬಲಕ್ಕೆ. ಕೆಳಗಿನ ಅಂಚಿಗೆ ಮರದ ಪಟ್ಟಿ ಸುತ್ತಿ ಭಾರ ಕೊಟ್ಟೆವು, ಹೊಸ್ತಿಲ ಬಳಿ ಒದ್ದೆ ಗೋಣಿಚೀಲ ಹಾಸಿದೆವು. ಇಷ್ಟಾದರೂ ಧೂಳು ಬರುತ್ತಲೇ ಇತ್ತು. ಕೆಲಸದ ಕೋಣೆಯ ಕಿಟಕಿಯಲ್ಲಿ ಒಂದು ಫ್ಯಾನನ್ನು ಹೊರಮುಖವಾಗಿ ಇಟ್ಟು, ಅದರ ಸುತ್ತಲಿನ ಸಂದನ್ನು ರಟ್ಟಿನಿಂದ ಮುಚ್ಚಿದ ಮೇಲೆ ಪರಿಸ್ಥಿತಿ ಬದಲಾಯಿತು. ಫ್ಯಾನು ಒಳಗಿನ ಗಾಳಿಯನ್ನು ಹೊರಗೆ ತಳ್ಳಿದಂತೆ ಆ ಕೋಣೆಯ ಒತ್ತಡ ಕುಗ್ಗಿ, ನಮ್ಮ ಕಡೆಯ ಗಾಳಿ ಅತ್ತ ಹರಿಯುತ್ತದೆ. ಧೂಳು ಇತ್ತ ಬರಲಾರದು. ಅದು ಸರಿಯಾಗಿ ನಡೆಯುತ್ತಿದೆಯೇ ಎಂದು ತಿಳಿಯಲು ಪರದೆಯನ್ನು ನೋಡಿದರೆ ಸಾಕಿತ್ತು. ಹಾಳೆ ಕೆಲಸದ ಕೋಣೆಯ ಕಡೆಗೆ ಉಬ್ಬಿದ್ದರೆ ಕ್ಷೇಮ. ನಮ್ಮ ಕಡೆಗೆ ಉಬ್ಬಿದರೆ ಯಾರೋ ಫ್ಯಾನು ನಿಲ್ಲಿಸಿದ್ದಾರೆ ಅಥವಾ ಬೇರೊಂದು ಕಿಟಕಿ ತೆರೆದಿದ್ದಾರೆ ಎಂದರ್ಥ. ನನ್ನ ಮಗಳು ಇದನ್ನು ನನಗಿಂತ ಮೊದಲೇ ಗಮನಿಸುತ್ತಿದ್ದಳು.

ಅಡುಗೆಯನ್ನು ನಮ್ಮ ಕೋಣೆಯ ಪಕ್ಕದ ಮೂಲೆಗೆ ವರ್ಗಾಯಿಸಿ ಇಂಡಕ್ಷನ್ ಒಲೆ ಇಟ್ಟುಕೊಂಡೆವು. ಎಕ್ಸ್‌ಟೆನ್ಷನ್ ಬೋರ್ಡಿಗೆ ಅದನ್ನು ಸಿಕ್ಕಿಸಿದ ನಾಲ್ಕನೆಯ ದಿನ ಪ್ಲಗ್ಗಿನ ಸುತ್ತ ಕಂದು ಕಲೆ ಕಾಣಿಸಿತು, ಮುಟ್ಟಿದರೆ ಸುಡುತ್ತಿತ್ತು. 2000 ವ್ಯಾಟಿನ ಒಲೆ 230 ವೋಲ್ಟಿನಲ್ಲಿ ಸುಮಾರು 8.7 ಆಂಪಿಯರ್ ಎಳೆಯುತ್ತದೆ. ಆ ಬೋರ್ಡು 6 ಆಂಪಿಯರಿನದು. ಎಲೆಕ್ಟ್ರಿಷಿಯನ್‌ನನ್ನು ಕರೆಸಿ ಮುಖ್ಯ ಪೆಟ್ಟಿಗೆಯಿಂದಲೇ ಪ್ರತ್ಯೇಕ ತಂತಿ ಎಳೆಸಿ, ಅದಕ್ಕೆಂದೇ ಹೊರೆ ಮೀರಿದರೆ ವಿದ್ಯುತ್ ಕಡಿಯುವ ಎಂಸಿಬಿ ಮತ್ತು ವಿದ್ಯುತ್ ಸೋರಿದರೆ ಕಡಿಯುವ 30 ಮಿಲಿ ಆಂಪಿಯರಿನ ಆರ್‌ಸಿಸಿಬಿ ಹಾಕಿಸಿ, 16 ಆಂಪಿಯರಿನ ತಾತ್ಕಾಲಿಕ ಸಾಕೆಟ್ ಕೂರಿಸಿಕೊಂಡೆವು. ಕೆಲಸ ಶುರುವಾಗುವ ಮುಂಚೆಯೇ ಇದನ್ನು ಮಾಡಿಸಿಕೊಳ್ಳಬೇಕಿತ್ತು. ಗೋಡೆಯಿಂದ ಹೊರಗೆ ಇಣುಕುವ ತಂತಿಗಳ ತುದಿಯನ್ನು ಪ್ರತಿ ಸಂಜೆ ಮುಚ್ಚಿದ್ದಾರೆಯೇ ಎಂದು ಟಾರ್ಚ್ ಹಿಡಿದು ನೋಡುವುದು ನನ್ನ ನಿತ್ಯದ ಕೆಲಸವಾಯಿತು.

ಸ್ನಾನದ ಮನೆಗಳು ಎರಡಿದ್ದುದರಿಂದ ಒಂದು ಮುಗಿಯುವವರೆಗೆ ಇನ್ನೊಂದನ್ನು ಮುಟ್ಟಲು ಬಿಡಲಿಲ್ಲ. ವಾಟರ್‌ಪ್ರೂಫಿಂಗ್ ಒಣಗಿದ ಮೇಲೆ ನೆಲದಲ್ಲಿ ನೀರು ತುಂಬಿ, ಸೋರುತ್ತದೆಯೇ ಎಂದು 48 ಗಂಟೆ ಪರೀಕ್ಷಿಸಿದೆವು, ಟೈಲ್ಸ್ ಕೂರಿಸಿದ ಮೇಲೆ 24 ಗಂಟೆ ಯಾರೂ ಕಾಲಿಡಲಿಲ್ಲ. ಮನೆಯಲ್ಲೇ ಇರುವವರಿಗೆ ಈ ಕಾಯುವಿಕೆ ದೊಡ್ಡ ಪರೀಕ್ಷೆ. ಆದರೂ ಅಲ್ಲಿ ಅವಸರ ಮಾಡಬಾರದು.

ಐದು ತಿಂಗಳಲ್ಲಿ ನಾವು ಮನೆ ಬಿಟ್ಟದ್ದು ಒಮ್ಮೆ ಮಾತ್ರ, ಕಪಾಟುಗಳಿಗೆ ಪಾಲಿಶ್ ಹಚ್ಚಿದಾಗ. ಥಿನ್ನರಿನ ಆವಿಯನ್ನು ಯಾವ ಪ್ಲಾಸ್ಟಿಕ್ ಪರದೆಯೂ ತಡೆಯುವುದಿಲ್ಲ, ಕಿಡಿ ತಗುಲಿದರೆ ಅದು ಹೊತ್ತಿಕೊಳ್ಳುತ್ತದೆ ಕೂಡ. ಆ ಮೂರು ರಾತ್ರಿ ನೆಂಟರ ಮನೆಯಲ್ಲಿ ಕಳೆದೆವು. ಹೊಸ ಪ್ಲೈವುಡ್ಡಿನ ಅಂಟಿನಿಂದ ಫಾರ್ಮಾಲ್ಡಿಹೈಡ್ ಎಂಬ ಹಾನಿಕರ ಅನಿಲ ನಿಧಾನವಾಗಿ ಹೊರಬರುತ್ತದೆಂದು ತಿಳಿದಿದ್ದರಿಂದ, ಕಪಾಟಿನ ಒಳಮೈ ಮತ್ತು ಅಂಚುಗಳನ್ನೂ ಬಿಡದೆ ಮುಚ್ಚಿಸಿ, ಕೆಲವು ವಾರ ಬಾಗಿಲುಗಳನ್ನು ತೆರೆದೇ ಇಟ್ಟೆವು.

ಕೊನೆಯ ಹಂತವೇ ನನ್ನನ್ನು ಹೆಚ್ಚು ಕಾಡಿತು. ವಾಸಕ್ಕೆ ತಕ್ಕಷ್ಟು ಕೆಲಸ ಮುಗಿದೊಡನೆ ಕೆಲಸಗಾರರು ಬರುವುದು ವಿರಳವಾಗುತ್ತದೆ, ನಮ್ಮ ಕಣ್ಣೂ ಕೊರತೆಗಳಿಗೆ ಒಗ್ಗಿಹೋಗುತ್ತದೆ. ಮುಚ್ಚಳವಿಲ್ಲದ ಸ್ವಿಚ್ ಪೆಟ್ಟಿಗೆಯೊಂದರ ಮುಂದೆ ನಾನು ಒಂದು ತಿಂಗಳು ಓಡಾಡಿದ್ದೆ. ಹೊರಗಿನಿಂದ ಬಂದ ತಂಗಿ "ಅಣ್ಣಾ, ಇದನ್ನ ಹೀಗೇ ಬಿಟ್ಟಿದ್ದೀಯಾ?" ಎಂದಾಗಲೇ ಎಚ್ಚರವಾದದ್ದು. ಅಂದೇ ಸಂಜೆ ಅವಳ ಜೊತೆ ಕೋಣೆ ಕೋಣೆ ಸುತ್ತಿ, ಅವಳು ತೋರಿಸಿದ್ದನ್ನೆಲ್ಲ ಬರೆದುಕೊಂಡೆ. ಇಪ್ಪತ್ತಮೂರು ಬಾಬತ್ತುಗಳಾದವು. ಕೊನೆಯ ಕಂತಿನ ಹಣವನ್ನು ಆ ಪಟ್ಟಿ ಮುಗಿದ ಮೇಲೆಯೇ ಕೊಡುವುದಾಗಿ ಮೇಸ್ತ್ರಿಗೆ ತಿಳಿಸಿದೆ, ಅವರೂ ಒಪ್ಪಿದರು.

ಎಲ್ಲ ಮುಗಿದು ಪ್ಲಾಸ್ಟಿಕ್ ಪರದೆ ಬಿಚ್ಚಿದಾಗ, ಗಟ್ಟಿ ಟೇಪಿನ ಜೊತೆ ಗೋಡೆಯ ಬಣ್ಣವೂ ಉದ್ದಕ್ಕೆ ಕಿತ್ತುಬಂತು. ಮೊದಲು ಮಾಸ್ಕಿಂಗ್ ಟೇಪ್ ಅಂಟಿಸಿ, ಅದರ ಮೇಲೆ ಗಟ್ಟಿ ಟೇಪ್ ಹಾಕಿದ್ದರೆ ಹಾಗಾಗುತ್ತಿರಲಿಲ್ಲ. ಪಟ್ಟಿಗೆ ಇಪ್ಪತ್ತನಾಲ್ಕನೆಯದಾಗಿ ಅದನ್ನೂ ಸೇರಿಸಿದೆ. ಬಣ್ಣದವರು ಇನ್ನೊಂದು ಬೆಳಗ್ಗೆ ಬಂದು ಸರಿಮಾಡಿಕೊಟ್ಟರು.