ಗ್ಲಾಡಿಯೋಲಸ್: ಹೂವಿಗಿಂತ ಮೊದಲು ಗಡ್ಡೆಯನ್ನು ನೋಡಿಕೊಂಡ ನನ್ನ ಅನುಭವ

ಗ್ಲಾಡಿಯೋಲಸ್ ಬೆಳೆಸತೊಡಗಿದ ಮೊದಲ ವರ್ಷ ನಾನು ಹನ್ನೆರಡು ಗಡ್ಡೆಗಳನ್ನು ನೆಟ್ಟಿದ್ದೆ. ಹನ್ನೊಂದು ಹೂಬಿಟ್ಟವು. ದಂಟುಗಳನ್ನು ಎಲೆಗಳ ಸಮೇತ ಬುಡದಿಂದಲೇ ಕತ್ತರಿಸಿ ಹೂದಾನಿಯಲ್ಲಿಟ್ಟೆ. ಮರುವರ್ಷ ಅದೇ ಮಡಿಯಲ್ಲಿ ಮೇಲೆದ್ದದ್ದು ಹುಲ್ಲಿನಂಥ ಸಣಕಲು ಎಲೆಗಳು ಮಾತ್ರ. ಒಂದೇ ಒಂದು ಹೂವೂ ಬರಲಿಲ್ಲ.

ಕಾರಣ ತಿಳಿಯಲೆಂದು ಅದರ ಮುಂದಿನ ಹಂಗಾಮಿನಲ್ಲಿ ಹೊಸ ಗಡ್ಡೆಗಳನ್ನು ನೆಟ್ಟು, ಹೂಬಿಟ್ಟ ಗಿಡವೊಂದನ್ನು ಬೇರುಸಹಿತ ಅಗೆದು ನೋಡಿದೆ. ನಾನು ನೆಟ್ಟ ಗಡ್ಡೆ ಸುಕ್ಕುಗಟ್ಟಿ ತಳದಲ್ಲಿ ಬಿಲ್ಲೆಯಂತೆ ಅಂಟಿಕೊಂಡಿತ್ತು. ಅದರ ತಲೆಯ ಮೇಲೆ ಬೆಳ್ಳಗಿನ ಹೊಸ ಗಡ್ಡೆಯೊಂದು ಊದಿಕೊಳ್ಳುತ್ತಿತ್ತು. ಎರಡರ ನಡುವೆ ಕಾಳಿನಷ್ಟು ಚಿಕ್ಕ ಮರಿಗಡ್ಡೆಗಳು ಗುಂಪುಗೂಡಿದ್ದವು. ಅಂದರೆ ನೆಟ್ಟ ಗಡ್ಡೆ ತನ್ನನ್ನೇ ಖರ್ಚುಮಾಡಿಕೊಂಡು ಗಿಡವನ್ನು ಎಬ್ಬಿಸುತ್ತದೆ, ಮುಂದಿನ ವರ್ಷದ ಗಡ್ಡೆಯನ್ನು ತುಂಬಿಸುವುದು ಎಲೆಗಳ ಕೆಲಸ. ಆ ಎಲೆಗಳನ್ನೇ ನಾನು ಹೂದಾನಿಗೆ ಏರಿಸಿದ್ದೆ.

ಅಂದಿನಿಂದ ಹೂ ಕೊಯ್ಯುವಾಗ ಗಿಡದಲ್ಲಿ ಕನಿಷ್ಠ ನಾಲ್ಕು ಎಲೆಗಳನ್ನು ಉಳಿಸುತ್ತೇನೆ. ಹೂಗಳು ಕೆಳಗಿನಿಂದ ಮೇಲಕ್ಕೆ ಒಂದೊಂದಾಗಿ ಅರಳುವುದರಿಂದ, ತೀರ ಕೆಳಗಿನ ಒಂದೆರಡು ಮೊಗ್ಗುಗಳಲ್ಲಿ ಬಣ್ಣ ಕಂಡೊಡನೆ ಕೊಯ್ದರೆ ಉಳಿದವು ನೀರಿನಲ್ಲಿಯೇ ಅರಳುತ್ತವೆ. ಕೊಯ್ದ ದಂಟನ್ನು ಅಡ್ಡ ಮಲಗಿಸಬಾರದು, ಕೆಲವೇ ಗಂಟೆಗಳಲ್ಲಿ ತುದಿ ಮೇಲಕ್ಕೆ ಬಾಗಿ ಸೊಟ್ಟಗಾಗುತ್ತದೆ.

ನೆಡುವ ಗಡ್ಡೆಯನ್ನು ಆರಿಸುವಾಗ ಅಗಲಕ್ಕಿಂತ ದಪ್ಪವನ್ನು ನೋಡುತ್ತೇನೆ. ಅಗಲವಾಗಿ ಚಪ್ಪಟೆಯಾದ ಗಡ್ಡೆ ಸಾಮಾನ್ಯವಾಗಿ ಹಳೆಯದು. ಎತ್ತರವಾಗಿ ತುಂಬಿಕೊಂಡಿರುವ ಎಳೆಯ ಗಡ್ಡೆಯೇ ಹುರುಪಿನ ಗಿಡ ಕೊಡುತ್ತದೆ. ದಿನವಿಡೀ ಬಿಸಿಲು ಬೀಳುವ, ನೀರು ನಿಲ್ಲದ ಏರುಮಡಿಯಲ್ಲಿ 10ರಿಂದ 15 ಸೆಂಟಿಮೀಟರ್ ಆಳದಲ್ಲಿ ನೆಡುತ್ತೇನೆ. ಕಡಿಮೆ ಆಳದಲ್ಲಿ ನೆಟ್ಟಾಗ ಹೂದಂಟು ಗಾಳಿಗೆ ವಾಲುತ್ತದೆ. ಹಸಿ ಸಗಣಿಗೊಬ್ಬರ ಗಡ್ಡೆಯನ್ನು ಕೊಳೆಯಿಸುವುದರಿಂದ ಪೂರ್ತಿ ಕಳಿತ ಗೊಬ್ಬರವನ್ನಷ್ಟೇ ಬಳಸುತ್ತೇನೆ, ಮತ್ತು ಒಮ್ಮೆ ಬೆಳೆದ ಮಡಿಯಲ್ಲಿ ಮರುವರ್ಷ ಇದನ್ನು ನೆಡುವುದಿಲ್ಲ, ಏಕೆಂದರೆ ಗಡ್ಡೆಕೊಳೆಗೆ ಕಾರಣವಾದ ಫ್ಯುಸೇರಿಯಂ ಶಿಲೀಂಧ್ರ ಮಣ್ಣಿನಲ್ಲಿ ವರ್ಷಗಟ್ಟಲೆ ಉಳಿಯಬಲ್ಲದು.

ಹೂವು ಮುಗಿದ ಆರರಿಂದ ಎಂಟು ವಾರಗಳಲ್ಲಿ ಎಲೆಗಳು ಹಳದಿಯಾಗುತ್ತವೆ. ಆಗ ಅಗೆದು, ಕಾಂಡವನ್ನು ಗಡ್ಡೆಯ ಹತ್ತಿರಕ್ಕೆ ಕತ್ತರಿಸಿ, ಗಾಳಿಯಾಡುವ ನೆರಳಿನಲ್ಲಿ ಎರಡು ಮೂರು ವಾರ ಒಣಗಿಸುತ್ತೇನೆ. ಹಾಗೆ ಒಣಗಿದಾಗ ಹಳೆಯ ಗಡ್ಡೆ ಬೆರಳಿನಿಂದ ತಿರುವಿದರೆ ಸಲೀಸಾಗಿ ಕಳಚಿಕೊಳ್ಳುತ್ತದೆ. ಬರದಿದ್ದರೆ ಇನ್ನೂ ಒಣಗಿಲ್ಲವೆಂದು ತಿಳಿದು ಕಾಯುತ್ತೇನೆ. ಮೆತ್ತಗಾದುದನ್ನು, ಕಂದುಕಲೆ ಇರುವುದನ್ನು ಮರುಕವಿಲ್ಲದೆ ಎಸೆಯುತ್ತೇನೆ.

ನನಗೆ ಹೆಚ್ಚು ನಷ್ಟ ಮಾಡಿದ್ದು ಥ್ರಿಪ್ಸ್. ಎಲೆಗಳ ಮೇಲೆ ಬೆಳ್ಳಿಯ ಗೀರುಗಳನ್ನು ಮೂಡಿಸಿ, ಮೊಗ್ಗುಗಳನ್ನು ಅರಳದಂತೆ ಕಟ್ಟಿಹಾಕುವ ಈ ಸೂಕ್ಷ್ಮ ಕೀಟ, ಸಂಗ್ರಹಿಸಿಟ್ಟ ಗಡ್ಡೆಯ ಸಿಪ್ಪೆಯ ಸಂದಿಯಲ್ಲಿ ಅಡಗಿದ್ದು ಮರುವರ್ಷ ಗಿಡದೊಂದಿಗೇ ಮೇಲೆ ಬರುತ್ತದೆ. ಈಗ ಗಡ್ಡೆಗಳನ್ನು ಕಾಗದದ ಚೀಲದಲ್ಲಿ, ಹಣ್ಣುಗಳಿಂದ ದೂರವಾಗಿ, 4ರಿಂದ 5 ಡಿಗ್ರಿ ಸೆಲ್ಸಿಯಸ್ ತಂಪಿನಲ್ಲಿ ಇಡುತ್ತೇನೆ. ಆ ತಂಪು ಕೀಟವನ್ನು ಹತೋಟಿಯಲ್ಲಿಡುವುದಲ್ಲದೆ ಗಡ್ಡೆಯ ಸುಪ್ತಾವಸ್ಥೆಯನ್ನೂ ಮುರಿಯುತ್ತದೆ. ನೆಟ್ಟಾಗ ಮೊಳಕೆಗಳು ಹೆಚ್ಚುಕಡಿಮೆ ಒಟ್ಟಿಗೇ ಏಳುತ್ತವೆ.

ಮರಿಗಡ್ಡೆಗಳನ್ನೂ ನಾನು ಬಿಡುವುದಿಲ್ಲ. ಅವುಗಳ ಸಿಪ್ಪೆ ಗಟ್ಟಿಯಾದ್ದರಿಂದ ಒಂದು ದಿನ ನೀರಿನಲ್ಲಿ ನೆನೆಸಿ, ಬೇರೆ ಮಡಿಯಲ್ಲಿ ಕಡಿಮೆ ಆಳಕ್ಕೆ ಸಾಲಾಗಿ ಬಿತ್ತಿದೆ. ಮೊದಲ ವರ್ಷ ಒಂದೊಂದು ಎಲೆ, ಎರಡನೆಯ ವರ್ಷ ಅಡಕೆಯಷ್ಟು ಗಡ್ಡೆ, ಮೂರನೆಯ ವರ್ಷ ಹೂವು. ಬೀಜದಿಂದ ಬೆಳೆದ ಗಿಡಗಳ ಬಣ್ಣ ಬದಲಾಗಬಹುದು, ಇವುಗಳದ್ದು ಬದಲಾಗಲಿಲ್ಲ. ಇಂದು ನನ್ನ ಮಡಿಯಲ್ಲಿರುವ ಕೆಂಪು ಗ್ಲಾಡಿಯೋಲಸ್ ಎಲ್ಲವೂ ಆ ಒಂದೇ ಸಾಲಿನವು.