ಆರ್ಕಿಟೆಕ್ಚರ್ ಓದಬೇಕೇ? ಮೊದಲು ಟೇಪ್ ಹಿಡಿಯಿರಿ

ಆರ್ಕಿಟೆಕ್ಟ್ ಆಗಬೇಕು ಅನ್ನುವ ಮಕ್ಕಳೆಲ್ಲ ಮೊದಲು ಕೇಳುವುದು, 'ಯಾವ ಸಾಫ್ಟ್‌ವೇರ್ ಕಲೀಬೇಕು?' ಅಂತ. ಅದು ಆಮೇಲೆ. ಒಂದು ಟೇಪ್, ಒಂದು ಗ್ರಾಫ್ ಪುಸ್ತಕ ತಗೊಳ್ಳಿ. ನಿಮ್ಮ ಮನೆಯನ್ನೇ ಅಳೆದು ಪ್ಲಾನ್ ಬರೆಯಿರಿ.

ಪಿಯುಸಿಯಲ್ಲಿದ್ದಾಗ ನಾನೂ ಮೈಸೂರಿನ ಕುವೆಂಪುನಗರದ ನಮ್ಮ ಮನೆ ಅಳೆದಿದ್ದೆ. ಅಕ್ಕಪಕ್ಕ ಎರಡು ರೂಮು, ಒಳಗೆ ತಲಾ 10 ಅಡಿ ಅಗಲ. ಹೊರಗಿನಿಂದ 20 ಅಡಿ ಬರಬೇಕು ಅಲ್ವಾ? ಟೇಪು 22 ದಾಟಿತು. ಎರಡು ಸಲ ಅಳೆದೆ, ಮತ್ತೆ ಅಷ್ಟೇ. ಗೋಡೆಯ ದಪ್ಪ ಮರೆತಿದ್ದೆ! ಹೊರಗೋಡೆ ಎರಡೂ 9 ಇಂಚು, ನಡುವಿನದು ನಾಲ್ಕೂವರೆ. ಮೇಲೆ ಪ್ಲಾಸ್ಟರಿಂಗ್ ಬೇರೆ. 20-30 ಸೈಟಿನಲ್ಲಿ ಎರಡಡಿ ಅಂದರೆ ಒಂದು ಬಾತ್‌ರೂಮಿನ ಅರ್ಧ.

ಈ ಕೆಲಸ ಖುಷಿ ಕೊಟ್ಟರೆ ಮುಂದಿನದು ನೋಡಿ.

ಎಸ್ಸೆಸ್ಸೆಲ್ಸಿ ಆದವರಿಗೆ ಐಟಿಐನಲ್ಲಿ 2 ವರ್ಷದ ಡ್ರಾಫ್ಟ್ಸ್‌ಮನ್ ಸಿವಿಲ್ ಇದೆ, ಪಾಲಿಟೆಕ್ನಿಕ್‌ನಲ್ಲಿ 3 ವರ್ಷದ ಡಿಪ್ಲೊಮಾ ಇದೆ. ಮನೆಯಲ್ಲಿ ದುಡಿಮೆ ಬೇಗ ಬೇಕು ಅನ್ನುವವರಿಗೆ ಇದು ಒಳ್ಳೆಯ ದಾರಿ. ಡ್ರಾಫ್ಟ್ಸ್‌ಮನ್ ಅಂದರೆ ಮೂಗು ಮುರಿಯುವವರಿದ್ದಾರೆ, ತಲೆ ಕೆಡಿಸಿಕೊಳ್ಳಬೇಡಿ. ಸೈಟಿನಲ್ಲಿ ಮೇಸ್ತ್ರಿ ಕೈಯಲ್ಲಿರುವ ಡ್ರಾಯಿಂಗ್ ಅವರು ಬರೆದದ್ದೇ.

ಆದರೆ 'ಆರ್ಕಿಟೆಕ್ಟ್' ಅಂತ ಬೋರ್ಡು ಹಾಕಲು ಅಷ್ಟು ಸಾಲದು. 1972ರ ಆರ್ಕಿಟೆಕ್ಟ್ಸ್ ಕಾಯ್ದೆ ಪ್ರಕಾರ ಕೌನ್ಸಿಲ್ ಆಫ್ ಆರ್ಕಿಟೆಕ್ಚರ್‌ನಲ್ಲಿ ನೋಂದಣಿ ಬೇಕು. ಅದಕ್ಕೆ 5 ವರ್ಷದ ಬಿ.ಆರ್ಕ್ ಓದಬೇಕು. ಪಿಯುಸಿಯಲ್ಲಿ ಗಣಿತ, ಭೌತಶಾಸ್ತ್ರ ಇರಲೇಬೇಕು. ಗಣಿತ ಓದಿದ ಡಿಪ್ಲೊಮಾದವರೂ ಬರಬಹುದು, ಆದರೆ ಮೊದಲ ವರ್ಷದಿಂದಲೇ. ಪ್ರವೇಶಕ್ಕೆ 'ನಾಟಾ' ಪರೀಕ್ಷೆ, ರಾಜ್ಯದ ಸೀಟು ಹಂಚುವುದು ಕೆಇಎ (ಕರ್ನಾಟಕ ಪರೀಕ್ಷಾ ಪ್ರಾಧಿಕಾರ). ಕೇಂದ್ರ ಸರ್ಕಾರದ ಎಂಜಿನಿಯರಿಂಗ್ ಸಂಸ್ಥೆಗಳಾದ ಎನ್‌ಐಟಿಗಳಿಗಾದರೆ ಜೆಇಇ ಮೇನ್ ಎರಡನೇ ಪೇಪರ್. ಮೈಸೂರು ವಿಶ್ವವಿದ್ಯಾಲಯದ್ದೇ ಆರ್ಕಿಟೆಕ್ಚರ್ ಶಾಲೆ ಇದೆ, ಹಾಗಾಗಿ ಮಂಡ್ಯದವರು ದಿನಾ ರೈಲಿನಲ್ಲಿ ಓಡಾಡಿಯೂ ಓದಬಹುದು. ಯಾವ ಕಾಲೇಜಾದರೂ ಕೌನ್ಸಿಲ್ ಮಾನ್ಯತೆ ಇದೆಯಾ ಅಂತ ಫೀಸು ಕಟ್ಟುವ ಮೊದಲೇ ನೋಡಿ.

ಓದಿನ ನಡುವೆ ಆಫೀಸೊಂದರಲ್ಲಿ ತರಬೇತಿ ಇರುತ್ತದೆ. ಮೊದಲ ದಿನವೇ ಮನೆ ಡಿಸೈನ್ ಮಾಡಲು ಕೊಡುತ್ತಾರೆ ಅಂದುಕೊಳ್ಳಬೇಡಿ. ಟಾಯ್ಲೆಟ್ ಟೈಲ್ಸ್ ಲೆಕ್ಕ, ಕಿಟಕಿ ಬಾಗಿಲಿನ ಪಟ್ಟಿ, ನಕ್ಷೆ ಬರೆಯುವ ಸಾಫ್ಟ್‌ವೇರ್ ಆಟೋಕ್ಯಾಡ್‌ನಲ್ಲಿ ತಿದ್ದುಪಡಿ ಇಂಥವೇ ಸಿಗುತ್ತವೆ. ಸೈಟಿಗೆ ಕರೆದರೆ ಮಾತ್ರ ತಪ್ಪಿಸಬೇಡಿ. ಪಾಯ ಗುರುತು ಹಾಕುವಾಗ ಮೇಸ್ತ್ರಿ ಮೂಲೆಯಿಂದ ಒಂದು ದಾರದಲ್ಲಿ 3 ಅಡಿ, ಇನ್ನೊಂದರಲ್ಲಿ 4 ಅಡಿ ಗುರುತಿಸಿ, ಅಡ್ಡ ಅಳತೆ 5 ಬರುತ್ತಾ ನೋಡುತ್ತಾರೆ. ಬಂದರೆ ಮೂಲೆ ಸರಿ. ಪೈಥಾಗೊರಸ್ ಪ್ರಮೇಯ ಅಲ್ಲಿ ಅರ್ಥವಾದಷ್ಟು ಚೆನ್ನಾಗಿ ಕ್ಲಾಸಿನಲ್ಲಿ ನನಗೆ ಅರ್ಥವಾಗಿರಲಿಲ್ಲ.

ತರಬೇತಿ ಕೇಳಲು ಹೋಗುವಾಗ ಮಿನುಗುವ ತ್ರೀಡಿ ಚಿತ್ರಗಳ ಜೊತೆ ದೇವರಾಜ ಮಾರುಕಟ್ಟೆಯಲ್ಲಿ ಕೂತು ಬರೆದ ಒಂದೆರಡು ಕೈಚಿತ್ರ ಇಡಿ. ಅಳೆದು ಬರೆದ ನಿಮ್ಮ ಮನೆಯ ಪ್ಲಾನೂ ಇರಲಿ, ಗೋಡೆ ದಪ್ಪ ಸೇರಿಸಿ.