ಎಕ್ಕ-ಗುಲಾಮ ಬಿಡಲು ಕಲಿತದ್ದು

ನಮ್ಮ ಪೋಕರ್ ನಡೆಯುವುದು ಶಿರಸಿ ಹತ್ತಿರದ ಮನೆಯಲ್ಲಿ, ರಾತ್ರಿ ಅಡಿಕೆ ಸುಲಿದು ಮುಗಿದ ಮೇಲೆ. ಮೆಟ್ಟುಗತ್ತಿ ಗೋಡೆಗೆ ಸರಿಸಿದರೆ ಅದೇ ಕಂಬಳಿ ಮೇಲೆ ಇಸ್ಪೀಟು. ದುಡ್ಡಿಲ್ಲ. ಹುಣಸೆ ಬೀಜ ಒಂದಕ್ಕೆ 1, ಗೋಟಡಿಕೆಗೆ 10. ಎಲ್ಲ ಕಳೆದುಕೊಂಡವನು ಚಹಾ ಮಾಡಬೇಕು. ಮೊದಲ ವರ್ಷ ಆ ಚಹಾ ಜಾಸ್ತಿ ಮಾಡಿದ್ದು ನಾನೇ.

ಕಾರಣ ಒಂದೇ. ಯಾರಾದರೂ ರೇಸ್ ಮಾಡಿದರೆ, ಅಂದರೆ ಪಣ ಏರಿಸಿದರೆ, ನನಗೆ ಎಲೆ ಬಿಡಲು ಆಗುತ್ತಿರಲಿಲ್ಲ. ಎಕ್ಕ ಕೈಗೆ ಬಂದಿದೆ, ಸುಮ್ನೆ ಬಿಡೋದಾ ಅಂತ.

ಒಂದು ರಾತ್ರಿ ಭಾವ ಮೊದಲ ಸರದಿಯಲ್ಲೇ 30 ಇಟ್ಟರು. ಬ್ಲೈಂಡ್, ಅಂದರೆ ಎಲೆ ನೋಡುವ ಮೊದಲೇ ಇಬ್ಬರು ಇಡಲೇಬೇಕಾದ ಪಣ, 5 ಮತ್ತು 10. ಎಲೆ ಹಂಚುವ ಜಾಗದಲ್ಲಿದ್ದ ನನ್ನ ಕೈಯಲ್ಲಿ ಎಕ್ಕ-ಗುಲಾಮ. ಕಾಲ್ ಮಾಡಿದೆ, ಅಂದರೆ ನಾನೂ ಅಷ್ಟೇ ಇಟ್ಟೆ, ಉಳಿದವರು ಬಿಟ್ಟರು. ಫ್ಲಾಪಿನಲ್ಲಿ, ಅಂದರೆ ಎಲ್ಲರಿಗೂ ಸೇರಿ ಮಧ್ಯೆ ತೆರೆಯುವ ಐದು ಎಲೆಗಳಲ್ಲಿ ಮೊದಲ ಮೂರರಲ್ಲಿ, ಎಕ್ಕ, ಎಂಟು, ನಾಲ್ಕು. ಇನ್ನೇನು ಬೇಕು ಅಲ್ವಾ? ಭಾವ 50 ಇಟ್ಟರು, ಕೊಟ್ಟೆ. ಆಮೇಲೆ 100, ಅದನ್ನೂ ಕೊಟ್ಟೆ. ಕೊನೆಗೆ ಉಳಿದದ್ದೆಲ್ಲ ಹೋಯಿತು. ಅವರ ಹತ್ತಿರ ಎಕ್ಕ-ರಾಜ. ಇಬ್ಬರದ್ದೂ ಎಕ್ಕದ ಜೋಡಿ, ಆದರೆ ಗುಲಾಮನಿಗಿಂತ ರಾಜ ದೊಡ್ಡದು.

ಒಲೆ ಮುಂದೆ ನಿಂತಾಗ ಹೊಳೆಯಿತು. ನನ್ನನ್ನು ಮುಳುಗಿಸಿದ್ದೇ ಆ ಎಕ್ಕ. ಅದು ಬೀಳದಿದ್ದರೆ 30ಕ್ಕೆ ಮುಗಿಯುತ್ತಿತ್ತು. ಎಕ್ಕ-ರಾಜನ ಎದುರು ಎಕ್ಕ-ಗುಲಾಮ ಗೆಲ್ಲುವುದು ನಾಲ್ಕರಲ್ಲಿ ಸುಮಾರು ಒಂದು ಸಲ. ಭಾವನ ಹಿಂದೆ ಇನ್ನೂ ಎಲ್ಲರೂ ಆಡುವುದು ಬಾಕಿ ಇತ್ತು. ಅಲ್ಲಿಂದ ಅವರು ಸುಳ್ಳುಪೊಳ್ಳು ಎಲೆ ಹಿಡಿದು ರೇಸ್ ಮಾಡಿದ್ದನ್ನು ನಾನು ಒಮ್ಮೆಯೂ ಕಂಡಿರಲಿಲ್ಲ. ಎಲ್ಲರೂ ಬಿಟ್ಟು ನನ್ನ ಸರದಿಗೆ ಬಂದರೆ ಎಕ್ಕ-ಗುಲಾಮ ಇಟ್ಟುಕೊಂಡು ನಾನೇ ರೇಸ್ ಮಾಡುತ್ತೇನೆ, ಈಗಲೂ. ಆದರೆ ಬೇರೆಯವರ ರೇಸಿಗೆ ಹಿಂದೆ ಹೋಗಲು ಅದಕ್ಕಿಂತ ಗಟ್ಟಿ ಎಲೆ ಬೇಕು.

ಇನ್ನೊಂದು, ಲೆಕ್ಕ. ಅದೇ 30ರ ರೇಸ್, ನಾನು 10 ಬ್ಲೈಂಡ್ ಇಟ್ಟವನಾದರೆ ಇನ್ನು 20 ಸಾಕು, ಮಧ್ಯೆ 45 ಇದೆ. ಹಾಕಿದ ಮೇಲೆ ಪಾಟ್ (ಮಧ್ಯದ ಒಟ್ಟು ರಾಶಿ) 65, ನನ್ನ ಪಾಲು ಶೇ. 31. ಅಷ್ಟು ಸಲವಾದರೂ ಗೆಲ್ಲಬೇಕು. ಹಂಚುವ ಜಾಗದಿಂದಾದರೆ ಪೂರ್ತಿ 30 ಕೊಡಬೇಕು, ಶೇ. 40. ಬ್ಲೈಂಡಿಗೆ ಅಗ್ಗ ಅಂತ ಕುಣಿಯಬೇಡಿ. ಫ್ಲಾಪ್ ಬಿದ್ದ ಮೇಲೆ ಅಲ್ಲಿ ಕೂತವನು ಭಾವನಿಗಿಂತ ಮೊದಲು ಆಡಬೇಕು, ಅದೊಂದು ತಾಪತ್ರಯ.

ಫ್ಲಾಪ್ ಆದಮೇಲೆ ಲೆಕ್ಕ ಇನ್ನೂ ಚೆನ್ನಾಗಿ ಕೆಲಸ ಮಾಡುತ್ತದೆ. ಪಾಟಿನಲ್ಲಿ 65, ನನಗೆ ನಾಲ್ಕು ಆಟೀನು ಸೇರಿವೆ, ಐದೂ ಒಂದೇ ಜಾತಿಯಾಗಲು ಐದನೆಯದು ಬೇಕು. ನಾನು 20 ಇಟ್ಟೆ ಅನ್ನಿ, ಭಾವ 120ಕ್ಕೆ ಏರಿಸಿದರು. ಈಗ 205 ಗೆಲ್ಲಲು ಇನ್ನೂ 100. ಅಂದರೆ ಮೂರರಲ್ಲಿ ಒಂದು ಸಲವಾದರೂ ಗೆಲ್ಲಬೇಕು. ಕಾಣದ ಎಲೆ 47, ಅದರಲ್ಲಿ ಆಟೀನು 9. ಮುಂದಿನ ಎಲೆಗೆ ಐದರಲ್ಲಿ ಒಂದೂ ಪೂರ್ತಿ ಇಲ್ಲ. ಇನ್ನು ತೆರೆಯುವ ಎರಡೂ ಎಲೆ ಸೇರಿದರೆ ಶೇ. 35 ಆಗುತ್ತದೆ, ನಿಜ. ಆದರೆ ಭಾವ ಎರಡನೆಯದನ್ನು ಪುಕ್ಕಟೆ ತೋರಿಸುವವರಲ್ಲ. ಬಿಟ್ಟೆ. ಅವರು ಬರೀ 40ಕ್ಕೆ ಏರಿಸಿದ್ದರೆ? 125ಕ್ಕಾಗಿ 20. ಯೋಚಿಸದೆ ಹಾಕುತ್ತಿದ್ದೆ.

ಸಣ್ಣ ಜೋಡಿ ಬಂದರೆ ನಾನು ಎಲೆಗಿಂತ ಮೊದಲು ನೋಡುವುದು ಬೀಜದ ರಾಶಿ. ಫ್ಲಾಪಿನಲ್ಲಿ ಅದೇ ಎಲೆಯ ಮೂರನೆಯದು ಬೀಳುವುದು ಎಂಟೂವರೆ ಸಲಕ್ಕೆ ಒಮ್ಮೆ, ಬಿದ್ದಾಗ ಜೋರಾಗಿ ಗೆಲ್ಲಬೇಕು. ಇಬ್ಬರ ಮುಂದೆಯೂ ದೊಡ್ಡ ರಾಶಿ ಇದ್ದರೆ ಮಾತ್ರ ಅಷ್ಟು ಕಾಯಬಹುದು.

ಹೋದ ವಾರ ಭಾವ ಮತ್ತೆ ಅದೇ ಜಾಗದಿಂದ 30 ಇಟ್ಟರು. ನನಗೆ ಮತ್ತೆ ಎಕ್ಕ-ಗುಲಾಮ. ‘ಎಂತ ತಮಾ, ಬಿಡ್ತ್ಯಾ?’ ಅಂದರು. ಬಿಟ್ಟೆ. ನಗುತ್ತಾ ಎಲೆ ತಿರುವಿ ತೋರಿಸಿದರು: ಒಂಬತ್ತು, ಎಂಟು. ನಾನು ಬಿಡಲು ಕಲಿತದ್ದನ್ನು ಅವರೂ ನೋಡಿಕೊಂಡಿದ್ದಾರೆ.